ಗಿಡ್ಡ ಬೆರಳಿನ ಚಿರತೆ

ಉದ್ಯಾನದ ಗೇಟಿನಲ್ಲಿ ಕೂತ ಹುಡುಗಿ ಚೀಟಿಯ ಮೇಲೆ ಪೆನ್ನು ಊರಿಕೊಂಡು, “ಅಜ್ಜಾ, ಯಾವ ಕೆಲಸಕ್ಕೆ ಒಳಗೆ ಹೋಗ್ತಿದೀರಿ?” ಎಂದು ಕೇಳಿದಳು.

“ಮನೆ ನೋಡ್ಕೊಂಡ್ ಬರೋಕೆ,” ಎಂದ ಯಾಪಿ ಮುದುಕ.

“ಇಲ್ಲಿ ಪ್ರವಾಸ, ಕೆಲಸ, ಸಂಶೋಧನೆ, ಮೂರೇ ಇರೋದು. ಮನೆ ಇಲ್ಲ.”

“ಹಾಗಾದ್ರೆ ಪ್ರವಾಸ ಅಂತ್ಲೇ ಹಾಕವ್ವ. ಹುಟ್ಟಿದ ಜಾಗಕ್ಕೇ ಪ್ರವಾಸ.”

“ಬೋಟ್ಸ್ವಾನಾ ಕಡೆ ದಾಟ್ತೀರಾ?”

“ಅದನ್ನ ನನ್ನ ಕಾಲನ್ನ ಕೇಳು.”

ಪಕ್ಕದಲ್ಲಿ ನಿಂತಿದ್ದ ಮಗಳು ಡ್ರೀಕಾ ಅಪ್ಪನ ಅಂಗಿಯ ತೋಳು ಜಗ್ಗಿದಳು. “ಅಪ್ಪಾ, ಇವತ್ತೊಂದಿನ ಬಾಯಿಗೆ ಬೀಗ ಹಾಕ್ಕೊ. ನಿನಗೆ ಕೈ ಮುಗೀತೀನಿ.”

ಕೈ ಮುಗಿಯುವುದಕ್ಕೆ ಕಾರಣವಿತ್ತು. ನಲವತ್ತೊಂದು ವರ್ಷದ ಡ್ರೀಕಾ ಹದಿನೆಂಟು ವರ್ಷಗಳಿಂದ ಈ ಉದ್ಯಾನದ ಪ್ರವಾಸಿ ಬಿಡಾರದಲ್ಲಿ ಹಾಸಿಗೆ ಬಟ್ಟೆ ಬದಲಿಸಿಕೊಂಡು, ಕಕ್ಕಸು ತೊಳೆದುಕೊಂಡು ಬಂದವಳು. ಅವಳಿಗೆ ಬೇಕಾಗಿದ್ದದ್ದು ಹೆಜ್ಜೆಗಾರರ ಹಿತ್ತಾಳೆ ಬಿಲ್ಲೆ. ಅದನ್ನು ಎದೆಗೆ ಸಿಕ್ಕಿಸಿಕೊಂಡವರು ಕಲಹಾರಿಯ ಕೆಂಪು ಮರಳಿನ ಮೇಲೆ ಪ್ರಾಣಿಗಳ ಹೆಜ್ಜೆ ಓದುತ್ತ ಪ್ರವಾಸಿಗರನ್ನು ಕರೆದುಕೊಂಡು ಹೋಗಬಹುದು. ಉದ್ಯಾನ ದಕ್ಷಿಣ ಆಫ್ರಿಕಾ, ಬೋಟ್ಸ್ವಾನಾ ಎರಡಕ್ಕೂ ಸೇರಿದ್ದರಿಂದ ಪರೀಕ್ಷೆ ಮಾಡಲು ಎರಡೂ ಕಡೆಯಿಂದ ಒಬ್ಬೊಬ್ಬರು ಬರುತ್ತಾರೆ. ಬಿಲ್ಲೆ ಸಿಕ್ಕಿತೆಂದರೆ ಎರಡೂ ಕಡೆ ನಡೆಯುತ್ತದೆ. ಒಬ್ಬರಿಗೆ ಮೂರೇ ಸಲ ಅವಕಾಶ. ಡ್ರೀಕಾ ಎರಡು ಸಲ ನಪಾಸಾಗಿದ್ದಳು.

ಅವಳಿಗೆ ಹೆಜ್ಜೆ ಓದಲು ಬರುತ್ತಿರಲಿಲ್ಲವೇ? ಸರಿ ಹೋಯಿತು! ಜೀರುಂಡೆ ನಡೆದ ಗೆರೆ ನೋಡಿ ಅದು ಬೆಳಗಿನ ಇಬ್ಬನಿಗೆ ಮುಂಚೆ ಹೋಯಿತೋ ಆಮೇಲೆ ಹೋಯಿತೋ ಹೇಳುವ ಹೆಂಗಸು ಅವಳು. ತೊಂದರೆಯೆಲ್ಲ ಒಂದೇ ಒಂದು ಮಾತಿನದು. ಪರೀಕ್ಷಕರು ಕೋಲಿನಿಂದ ಹೆಜ್ಜೆಯ ಸುತ್ತ ವೃತ್ತ ಎಳೆದು, “ಯಾರಿದು?” ಎಂದು ಕೇಳುತ್ತಾರೆ. ಉತ್ತರ ಹೇಳಿದ ಮೇಲೆ ಸರಿಯಿರಲಿ ತಪ್ಪಿರಲಿ, “ಖಾತ್ರೀನಾ?” ಎಂದು ಕೇಳಲೇಬೇಕೆಂಬುದು ಅವರ ನಿಯಮ. ಡ್ರೀಕಾಳ ಜನರಲ್ಲಿ ಹಿರಿಯರು ಒಂದೇ ವಿಷಯವನ್ನು ಎರಡನೇ ಸಲ ಕೇಳಿದರೆ, ತಪ್ಪಿದ್ದೀಯ, ಮತ್ತೆ ನೋಡು ಎಂದು ಅರ್ಥ. ಯಾರೂ ಯಾರಿಗೂ ಮುಖದ ಮೇಲೆ ತಪ್ಪು ಎನ್ನುವುದಿಲ್ಲ. ಹೀಗಾಗಿ “ಖಾತ್ರೀನಾ?” ಎಂದು ಕಿವಿಗೆ ಬಿದ್ದದ್ದೇ ತಡ, ಅವಳ ನಾಲಿಗೆ ತಾನೇ ಹೊರಳಿ ಬೇರೆ ಪ್ರಾಣಿಯ ಹೆಸರು ಹೇಳಿಬಿಡುತ್ತಿತ್ತು. ಎರಡು ಸಲವೂ ಸರಿ ಉತ್ತರಗಳನ್ನು ಕೈಯಾರೆ ಕೆಡಿಸಿಕೊಂಡು ಬಂದು, ಒಲೆ ಮುಂದೆ ಕೂತು ಅತ್ತಿದ್ದಳು.

“ನೀನು ಮರಳು ನೋಡೋದು ಬಿಟ್ಟು ಅವರ ಮುಖ ನೋಡ್ತೀಯ. ಮುಖದ ಮೇಲೆ ಏನಿರುತ್ತೆ? ಮೀಸೆ,” ಎಂದು ಮುದುಕ ಆಗ ಬೈದಿದ್ದ. ಈ ಸಲ ಮಗಳ ಜೊತೆ ತಾನೇ ಹೊರಟು ನಿಂತ. ಬೇಡವೆಂದರೆ ಕೇಳಬೇಕಲ್ಲ! ಟೋಪಿ, ಪೈಪು, ತಂಬಾಕಿನ ಚೀಲ, ಕೆಂಡದ ಮೇಲೆ ಸುಟ್ಟ ನಾಲ್ಕು ರೊಟ್ಟಿ ಕಟ್ಟಿಕೊಂಡು ಬೆಳಕು ಹರಿಯುವ ಮುಂಚೆ ಕೆಲಸಗಾರರ ವ್ಯಾನು ಹತ್ತಿ ಕೂತಿದ್ದ.

ಪರೀಕ್ಷೆ ನಡೆಯುವುದು ನೊಸೊಬ್ ನದಿಯ ದಂಡೆಯಲ್ಲಿ. ಅದನ್ನು ನದಿ ಎನ್ನುವುದು ಅಭ್ಯಾಸಬಲದಿಂದ. ಅದರಲ್ಲಿ ನೀರು ಕಂಡವರು ಅದನ್ನೇ ಹೇಳಿಕೊಂಡು ತಿರುಗುತ್ತಾರೆ. ಒಣಗಿದ ಪಾತ್ರದ ನಡುವೆ ಸುಣ್ಣ ಬಳಿದ ಗಡಿಕಲ್ಲುಗಳಿವೆ. ಕಲ್ಲಿನಿಂದ ಆ ಕಡೆ ಬೋಟ್ಸ್ವಾನಾ, ಈ ಕಡೆ ದಕ್ಷಿಣ ಆಫ್ರಿಕಾ. ಬೇಲಿಯಿಲ್ಲ. ಪ್ರಾಣಿಗಳು ಅತ್ತಲಿಂದಿತ್ತ ಓಡಾಡಿಕೊಂಡಿರುತ್ತವೆ, ಅವಕ್ಕೆ ಚೀಟಿ ಬರೆಯುವವರಿಲ್ಲ. ದಂಡೆಯ ಮೇಲೆ ಪ್ರವಾಸಿಗರು ಗಾಡಿ ಇಳಿದು ಕೂತು ತಿನ್ನಲು ಸಿಮೆಂಟಿನ ಮೇಜು, ದೊಡ್ಡದೊಂದು ಮುಳ್ಳುಮರ, ಎರಡು ಕಕ್ಕಸು. ಆ ಕಕ್ಕಸು ತೊಳೆದು ಮುಗಿಸಿದ ಮೇಲೆಯೇ ಡ್ರೀಕಾಗೆ ಪರೀಕ್ಷೆಗೆ ರಜೆ.

“ನೀನು ಮೇಜಿನ ಹತ್ರ ಕೂತಿರು. ಎಲ್ಲೂ ಹೋಗಬೇಡ, ಯಾರ ಜೊತೆಗೂ ವಾದ ಮಾಡಬೇಡ,” ಎಂದು ಅಪ್ಪನಿಗೆ ಹೇಳಿ ಅವಳು ಬಕೆಟ್ಟು ಹಿಡಿದು ಹೋದಳು.

ಯಾಪಿ ಮುದುಕನನ್ನು ಒಂದು ಕಡೆ ಕೂರಿಸುವುದು ಅಷ್ಟು ಸುಲಭವೇ? ಹಿಂದೆ ಇದೇ ನೆಲದಲ್ಲಿ ಅರಣ್ಯ ಕಾವಲುಗಾರರಿಗೆ ದಾರಿ ತೋರಿಸಿದವನು ಅವನು. ಕಳ್ಳಬೇಟೆಯವರು ಹೂತಿಟ್ಟಿದ್ದ ಕಬ್ಬಿಣದ ಬೋನು ತೆಗೆಯಲು ಹೋಗಿ ಬಲಗೈ ತೋರುಬೆರಳಿನ ತುದಿ ಕಳೆದುಕೊಂಡಿದ್ದ. ಅದೇ ಕೈಯಿಂದಲೇ ಮಕ್ಕಳಿಗೆ ಪಾಠ ಹೇಳಿದ್ದು. ಅವನ ಜನರ ಪಾಠವೆಂದರೆ ಹಾಗೆಯೇ: ದೊಡ್ಡವರು ಮರಳು ಸಮ ಮಾಡಿ, ಗೆಣ್ಣು, ಬೆರಳು, ಅಂಗೈಯ ಬುಡ ಒತ್ತಿ ಹೆಜ್ಜೆ ಮೂಡಿಸುತ್ತಾರೆ; ಚಿಕ್ಕವರು ಯಾವ ಪ್ರಾಣಿ ಎಂದು ಹೇಳಬೇಕು. ಯಾಪಿಯ ಕೈಯಲ್ಲಿ ಸಿಂಹವೂ ನಡೆಯುತ್ತಿತ್ತು, ಮುಂಗುಸಿಯೂ ಓಡುತ್ತಿತ್ತು. ಡ್ರೀಕಾಗೆ ಏಳು ವರ್ಷವಾಗಿದ್ದಾಗ ಮೊದಲ ಸಲ ನಿಜವಾದ ಚಿರತೆಯ ಹೆಜ್ಜೆ ತೋರಿಸಿದರೆ, “ಇದು ಚಿರತೆ ಅಲ್ಲ. ಇದರ ಬೆರಳು ಗಿಡ್ಡ ಇಲ್ಲ,” ಎಂದುಬಿಟ್ಟಿದ್ದಳು. ಮನೆಮಂದಿಯೆಲ್ಲ ಬಿದ್ದು ಬಿದ್ದು ನಕ್ಕಿದ್ದರು. ಈಗಲೂ ಮದುವೆ ಮನೆಗಳಲ್ಲಿ ಚಿಕ್ಕಮ್ಮಂದಿರು ಆ ಮಾತು ಎತ್ತಿ ಅವಳ ಮುಖ ಕೆಂಪಾಗಿಸುತ್ತಾರೆ.

ಡ್ರೀಕಾ ಕಕ್ಕಸು ತೊಳೆಯುತ್ತಿದ್ದ ಹೊತ್ತಿನಲ್ಲಿ ಮುದುಕ ಮೇಜು ಬಿಟ್ಟೆದ್ದ. ನದಿಗೆ ಇಳಿದು, ಗಡಿಕಲ್ಲಿಗೆ ಬೆನ್ನು ಕೊಟ್ಟು, ಒಂದು ಕುಂಡೆ ಒಂದು ದೇಶದಲ್ಲಿ, ಇನ್ನೊಂದು ಕುಂಡೆ ಇನ್ನೊಂದು ದೇಶದಲ್ಲಿ ಇಟ್ಟು ಸುಖವಾಗಿ ಕೂತು ಪೈಪು ಹಚ್ಚಿದ. ಅಲ್ಲಿ ಏನು ಮಾಡಿದನೆಂದು ನೋಡಿದವರಿಲ್ಲ. ಎಂಟು ಗಂಟೆಗೆ ಪರೀಕ್ಷಕರ ಜೀಪು ಬಂದಾಗ ಅವನು ಮತ್ತೆ ಮೇಜಿನ ಹತ್ತಿರ ಬಂದು, ಪುಳ್ಳೆ ಹೊತ್ತಿಸಿ ಚಹಾ ಕಾಯಿಸುತ್ತಿದ್ದ.

ಪರೀಕ್ಷಕರಲ್ಲಿ ಒಬ್ಬರು ಈ ಕಡೆಯ ಫೆರ್ಮಾಕ್ ಸಾಹೇಬರು. ಇಸ್ತ್ರಿ ಹಾಕಿದ ಚಡ್ಡಿ, ಹೆಗಲಿಗೆ ಬಂದೂಕು, ಎಲ್ಲವೂ ನಿಯಮದ ಪ್ರಕಾರ. ಇನ್ನೊಬ್ಬರು ಬೋಟ್ಸ್ವಾನಾದ ಮ್ಮಾ ಸೆಬೇಗೊ, ದಪ್ಪ ಮೈಯ, ಗಟ್ಟಿ ನಗೆಯ ಹೆಂಗಸು; ಮ್ಮಾ ಎಂದರೆ ಅವರ ಕಡೆ ಅಮ್ಮಾವ್ರು ಎಂದ ಹಾಗೆ. ಇಬ್ಬರೂ ಒಂದು ಗಂಟೆ ಸುತ್ತಾಡಿ ಇಪ್ಪತ್ತು ಹೆಜ್ಜೆಗಳಿಗೆ ವೃತ್ತ ಎಳೆದು ಬಂದರು. ಬಂದವರ ಮುಖದಲ್ಲಿ ಏನೋ ಸಡಗರ. ಫೆರ್ಮಾಕ್ ಸಾಹೇಬರು ವೈರ್‌ಲೆಸ್ಸಿನಲ್ಲಿ ಯಾರಿಗೋ ಪಿಸುಗುಟ್ಟಿದರು. ಮ್ಮಾ ಸೆಬೇಗೊ ತಮ್ಮ ವೈರ್‌ಲೆಸ್ಸಿನಲ್ಲಿ ಪಿಸುಗುಟ್ಟಲು ಹೋಗಿ ಕೂಗಿದರು. ಆಮೇಲೆ ಇಬ್ಬರಿಗೂ ಸಣ್ಣಗೆ ಜಗಳ ಹತ್ತಿತು.

“ಹೊರಟಿರೋದು ನಮ್ಮ ಕಡೆಯಿಂದ, ಅದಕ್ಕೇ ನಮ್ಮದು,” ಎಂದರು ಮ್ಮಾ ಸೆಬೇಗೊ.

“ಬಂದು ಸೇರಿರೋದು ನಮ್ಮ ಕಡೆಗೆ. ಲೆಕ್ಕಕ್ಕೆ ನಮ್ಮದು,” ಎಂದರು ಫೆರ್ಮಾಕ್ ಸಾಹೇಬರು.

ಏನು ಬಂತು, ಏನು ಹೋಯಿತು ಎಂದು ಡ್ರೀಕಾಗೆ ತಿಳಿಯಲಿಲ್ಲ. ತಿಳಿದುಕೊಳ್ಳುವ ಸ್ಥಿತಿಯಲ್ಲೂ ಅವಳಿರಲಿಲ್ಲ. ಸಾಹೇಬರು ಗಂಟಲು ಸರಿಮಾಡಿಕೊಂಡು ನಿಯಮ ಓದಿದರು: ಇಪ್ಪತ್ತರಲ್ಲಿ ಹದಿನೆಂಟು ಸರಿಯಾಗಬೇಕು, ಮನೆಯವರಿಂದ ಸಹಾಯ ಸಿಕ್ಕಿದ್ದು ಗೊತ್ತಾದರೆ ಪರೀಕ್ಷೆ ರದ್ದು. ಓದುತ್ತ ಓದುತ್ತ ಮೇಜಿನ ಕಡೆ ಒಮ್ಮೆ ಕಣ್ಣು ಹಾಯಿಸಿದರು. ಯಾಪಿ ಮುದುಕ ಚಹಾದ ಲೋಟ ಎತ್ತಿ ಅವರಿಗೆ ಸಲಾಮು ಹೊಡೆದ.

ಮೊದಲ ವೃತ್ತ. “ಯಾರಿದು?”

“ಕಾಡುಬೆಕ್ಕು.”

“ಖಾತ್ರೀನಾ?”

ಡ್ರೀಕಾ ಸಾಹೇಬರ ಮುಖ ನೋಡಿದಳು. ಮೀಸೆ ಅಲುಗಲಿಲ್ಲ. “ಅಲ್ಲ... ನರಿಮರಿ,” ಎಂದಳು. ಎಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ಮೂರನೆಯದರಲ್ಲೂ ಅದೇ ಪಾಡು. ಚೊಕ್ಕವಾಗಿ ಮುಳ್ಳುಹಂದಿ ಎಂದವಳು, ಎರಡನೇ ಸಲ ಕೇಳಿದ್ದಕ್ಕೆ ಅದನ್ನು ಇನ್ನೇನೋ ಮಾಡಿಟ್ಟಳು. ಮೂರು ಹೆಜ್ಜೆಗೆ ಎರಡು ಹೋಯಿತು. ಇನ್ನು ಒಂದೇ ಒಂದು ತಪ್ಪಿದರೂ ಜೀವಮಾನವಿಡೀ ಬಕೆಟ್ಟು ಹಿಡಿದುಕೊಂಡಿರುವುದೇ. ಅವಳಿಗೆ ತನ್ನ ಮೇಲೆ ಎಂಥ ಸಿಟ್ಟು ಬಂತೆಂದರೆ, ತಲೆವಸ್ತ್ರವನ್ನು ಹುಬ್ಬಿನವರೆಗೆ ಎಳೆದುಕೊಂಡು, ಯಾರ ಮುಖವೂ ಕಾಣದ ಹಾಗೆ ಮರಳಿಗೇ ಕಣ್ಣು ನೆಟ್ಟುಬಿಟ್ಟಳು.

ಅಲ್ಲಿಂದ ಮುಂದೆ ಅವಳನ್ನು ಹಿಡಿಯುವವರಿಲ್ಲ. ಕಂದು ಕತ್ತೆಕಿರುಬ, ಹೌದು. ಉಷ್ಟ್ರಪಕ್ಷಿ, ಹೆಣ್ಣು, ಹೌದು. ಗೆಮ್ಸ್‌ಬಕ್ ಜಿಂಕೆ, ಬಲ ಮುಂಗಾಲು ಕುಂಟು, ಹೌದು. ಮ್ಮಾ ಸೆಬೇಗೊ ಎರಡು ಸಲ ನಾಲಿಗೆ ಲೊಟಗುಟ್ಟಿಸಿ ಮೆಚ್ಚಿದರು. ಹತ್ತೊಂಬತ್ತು ಮುಗಿದಾಗ ಹದಿನೇಳು ಸರಿಯಾಗಿದ್ದವು. ಎಲ್ಲವೂ ಇಪ್ಪತ್ತನೆಯದರ ಮೇಲೆ ನಿಂತಿತು.

ಪರೀಕ್ಷಕರು ಅವಳನ್ನು ಗಡಿಕಲ್ಲಿನ ಹತ್ತಿರ ಕರೆದುಕೊಂಡು ಹೋದರು. ಕಲ್ಲಿನ ಆ ಬದಿಯಿಂದ ಈ ಬದಿಗೆ ಒಂಬತ್ತು ಹೆಜ್ಜೆ. ಎರಡೂ ಕೊನೆಯಲ್ಲಿ ಗುರುತು ಮೂಡದ ಗಟ್ಟಿ ಸುಣ್ಣದ ನೆಲ. ಫೆರ್ಮಾಕ್ ಸಾಹೇಬರು ದನಿ ತಗ್ಗಿಸಿದರು. “ಈ ಜಾಗದಲ್ಲಿ ಹದಿನಾಲ್ಕು ತಿಂಗಳಿಂದ ಇದನ್ನ ಯಾರೂ ಕಂಡಿಲ್ಲ. ನಿಧಾನವಾಗಿ ನೋಡಮ್ಮ. ಯಾರಿದು?”

ಚಿರತೆ. ನೋಡಿದೊಡನೆ ಚಿರತೆ. ನಾಲ್ಕು ದುಂಡು ಬೆರಳು, ಉಗುರಿನ ಗುರುತಿಲ್ಲ, ಹಿಂದೆ ಮೂರು ಉಬ್ಬಿನ ಗದ್ದಿಗೆ, ಅಂದರೆ ಅಂಗಾಲಿನ ಮೆತ್ತೆ. ಚಿರತೆ ಎಂದರೆ ಮುಗಿಯಿತು, ಬಿಲ್ಲೆ ಎದೆಗೆ ಬಂತು. ಡ್ರೀಕಾ ಬಾಯಿ ತೆರೆದಳು, ಹಾಗೇ ಮುಚ್ಚಿದಳು.

ಒಂದು ಬೆರಳು ಗಿಡ್ಡವಾಗಿತ್ತು. ಗಾಯವಾದ ಚಿರತೆಯಿರಬಹುದಲ್ಲ? ಎರಡನೇ ಹೆಜ್ಜೆ ನೋಡಿದಳು, ಅದರಲ್ಲೂ ಗಿಡ್ಡ. ಮೂರು, ನಾಲ್ಕು. ಎಡಗಾಲಿನಲ್ಲೂ ಬಲಗಾಲಿನಲ್ಲೂ, ಮುಂದಿನದರಲ್ಲೂ ಹಿಂದಿನದರಲ್ಲೂ, ಪ್ರತಿಯೊಂದರಲ್ಲೂ ಅದೇ ಜಾಗದ ಬೆರಳು ಗಿಡ್ಡ. ಬೆರಳ ತುದಿಯಲ್ಲಿ ಮರಳು ಹಿಂದಕ್ಕೆ ಚಿಮ್ಮಿರಲಿಲ್ಲ, ನೇರ ಕೆಳಗಿಳಿದಿತ್ತು. ಸುತ್ತಲಿನ ಮರಳನ್ನು ಟೊಂಗೆಯಿಂದ ನವಿರಾಗಿ ಗುಡಿಸಿದ ಹಾಗಿತ್ತು. ಕಲ್ಲಿನ ಬುಡದಲ್ಲಿ ಚಿಟಿಕೆಯಷ್ಟು ಪೈಪಿನ ಬೂದಿ.

ಅವಳಿಗೆ ನಗು ಒತ್ತಿಕೊಂಡು ಬಂತು, ಹಿಂದೆಯೇ ಹೆದರಿಕೆ. ಮಗಳಿಗೆ ಏನಾಗುತ್ತದೋ ಎಂಬ ಚಿಂತೆಯಲ್ಲಿ ಮುದುಕ ಕೂತು ಸರಿಯುತ್ತ ಕೈ ಆಡಿಸಿದ್ದಾನೆ, ಅವನ ಕೈಗೆ ಸುಮ್ಮನಿರಲು ಬಾರದು. ಆಮೇಲೆ ತನ್ನ ಕಾಲಿನ ಗುರುತು ಹಳೆಯ ಅಭ್ಯಾಸದಂತೆ ಗುಡಿಸಿ ಎದ್ದುಹೋಗಿದ್ದಾನೆ. ಚಿರತೆಯನ್ನು ಒರೆಸಲು ಮರೆತಿದ್ದಾನೆ. ಈಗ ನಿಜ ಹೇಳಿದರೆ ಮನೆಯವರ ಕೈವಾಡ ಎಂದು ಪರೀಕ್ಷೆಯೇ ರದ್ದಾದೀತು. ಚಿರತೆ ಎಂದುಬಿಟ್ಟರೆ ಇವರಿಬ್ಬರಿಗೂ ಖುಷಿ, ತನಗೂ ಬಿಲ್ಲೆ. ಆದರೆ ಎದುರಿಗಿರುವ ಮರಳು ಅಪ್ಪನ ಕೈ ಎಂದು ಹೇಳುತ್ತಿರುವಾಗ, ಅದನ್ನು ಚಿರತೆ ಎಂದು ಓದಿ ಗಳಿಸಿದ ಬಿಲ್ಲೆ ಎದೆಗೆ ಚುಚ್ಚದೆ ಇದ್ದೀತೇ? ತನಗೆ ಅಕ್ಷರ ಕಲಿಸಿದ ಕೈ ಅದು.

“ಸಾಹೇಬ್ರೇ,” ಎಂದಳು, “ಇದು ನಮ್ಮಪ್ಪ.”

ಫೆರ್ಮಾಕ್ ಸಾಹೇಬರು ಬಾಗಿ ಹೆಜ್ಜೆಗಳನ್ನು ಮತ್ತೊಮ್ಮೆ ನೋಡಿದರು.

“ನಿಮ್ಮಪ್ಪ ಚಿರತೆಯಾ?” ಎಂದರು ಮ್ಮಾ ಸೆಬೇಗೊ.

“ಚಿರತೆ ನಡೆದಿಲ್ಲ ಮ್ಮಾ. ನಮ್ಮಪ್ಪ ಕೈಯಲ್ಲಿ ಒತ್ತಿದ್ದು.”

ಫೆರ್ಮಾಕ್ ಸಾಹೇಬರ ಕುತ್ತಿಗೆ ಕೆಂಪೇರಿತು. “ಮೂವತ್ತು ವರ್ಷದಿಂದ ಹೆಜ್ಜೆ ನೋಡ್ತಿದೀನಮ್ಮ ನಾನು. ವೈರ್‌ಲೆಸ್ಸಲ್ಲಿ ಹೇಳಿಯೂ ಆಗಿದೆ. ಖಾತ್ರೀನಾ?”

ಈ ಸಲ ಅದು ನಿಯಮದ ಪ್ರಶ್ನೆಯಾಗಿರಲಿಲ್ಲ, ನಿಜವಾದ ಸಿಟ್ಟಿನದು. ಡ್ರೀಕಾಳ ನಾಲಿಗೆ ಹೊರಳಲು ನೋಡಿತು. ಅವಳು ಸಾಹೇಬರ ಮೀಸೆ ನೋಡಲಿಲ್ಲ, ಗಿಡ್ಡ ಬೆರಳನ್ನೇ ನೋಡಿದಳು.

“ಖಾತ್ರಿ,” ಎಂದಳು.

“ಕರೀರಿ ಆ ಮುದುಕನ್ನ!” ಎಂದರು ಸಾಹೇಬರು.

ಯಾಪಿ ಮುದುಕ ಲೋಟ ಹಿಡಿದುಕೊಂಡೇ ಇಳಿದು ಬಂದ. ವೃತ್ತ ನೋಡಿದ, ತನ್ನ ಕೆಲಸ ನೋಡಿದ, ಮಗಳ ಮುಖ ನೋಡಿದ. ಅವನ ದವಡೆ ಕೆಳಗಿಳಿಯಿತು. ಏನಾಗಿದೆ ಎನ್ನುವುದು ಅವನಿಗೆ ಅರ್ಧ ಮಾತ್ರ ತಿಳಿಯಿತು. ಮಗಳು ಚಿರತೆ ಎಂದಿದ್ದಾಳೆ, ಇವರಿಗೆ ಅನುಮಾನ ಬಂದಿದೆ ಎಂದುಕೊಂಡ. ಹೇಗಾದರೂ ಅವಳನ್ನು ಗೆಲ್ಲಿಸಬೇಕು!

“ಚಿರತೇನೇ!” ಎಂದು ಗುಡುಗಿದ. “ಇದರಲ್ಲಿ ಕೇಳೋದೇನಿದೆ? ಹೆಣ್ಣು ಚಿರತೆ. ಹೊಟ್ಟೆ ತುಂಬಿದೆ. ನಾನೇ ಕಣ್ಣಾರೆ ನೋಡ್ದೆ.”

“ಇದನ್ನ ಮಾಡಿದ್ದು ನೀವಲ್ವಾ?” ಎಂದರು ಸಾಹೇಬರು.

“ನಾನಾ? ನನ್ನ ಕೈಯಲ್ಲಿ ಈ ವಯಸ್ಸಲ್ಲಿ ಚಹಾದ ಲೋಟನೇ ನಿಲ್ಲಲ್ಲ ಸಾಹೇಬ್ರೇ. ನೋಡಿ,” ಎಂದು ಕೈ ನಡುಗಿಸಿ ಅರ್ಧ ಚಹಾ ಚೆಲ್ಲಿದ.

ಡ್ರೀಕಾಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ತನ್ನನ್ನು ಗೆಲ್ಲಿಸಲು ಹೊರಟ ಅಪ್ಪ ತನ್ನನ್ನೇ ಸುಳ್ಳಿ ಮಾಡುತ್ತಿದ್ದಾನೆ. ಬೇಡಿಕೊಂಡರೆ ಬಗ್ಗುವ ಪ್ರಾಣಿಯಲ್ಲ ಅವನು. ಬಗ್ಗಿಸುವ ದಾರಿ ಒಂದೇ ಒಂದಿತ್ತು. ಅವಳು ಸೊಂಟಕ್ಕೆ ಕೈ ಕೊಟ್ಟುಕೊಂಡು ಹೆಜ್ಜೆಗಳ ಮೇಲೆ ಬಾಗಿದಳು.

“ನಾನೇ ತಪ್ಪಿದೆ ಸಾಹೇಬ್ರೇ. ಇದು ನಮ್ಮಪ್ಪನ ಕೈ ಅಲ್ಲ. ಯಾವನೋ ಕೈಲಾಗದೋನು ಮಾಡಿಟ್ಟು ಹೋಗಿದಾನೆ. ಎಡ ಹಿಂಗಾಲು ನೋಡಿ, ಎಷ್ಟು ಕೆಟ್ಟದಾಗಿದೆ! ಚಿರತೆ ಅಂತೆ ಚಿರತೆ. ಗರ್ಭಿಣಿ ಮೇಕೆ ಥರ ಇದೆ.”

“ಏನಂದೆ?” ಎಂದ ಮುದುಕ.

“ಗದ್ದಿಗೆ ಒತ್ತೋಕೇ ಬಂದಿಲ್ಲ. ಹೊಸದಾಗಿ ಕಲಿತಿರೋ ಮಕ್ಕಳ ಕೆಲಸ.”

“ಮಕ್ಕಳ ಕೆಲಸವಾ!” ಲೋಟ ಮರಳಿಗೆ ಬಿತ್ತು. “ಎಡ ಹಿಂಗಾಲಿಗೆ ಏನಾಗಿದೆ? ತಿರುಗುವಾಗ ಅದು ಹೊರಕ್ಕೆ ಬೀಳಲೇಬೇಕು, ಬೇಕಂತ್ಲೇ ಹಾಗೆ ಇಟ್ಟಿದೀನಿ ನಾನು! ಕಣ್ಣು ಕಕ್ಕಸಿನಲ್ಲೇ ಬಿಟ್ಟು ಬಂದ್ಯಾ? ಐವತ್ತು ವರ್ಷದಿಂದ ಈ ಕೈ...” ಎನ್ನುತ್ತ ಮುದುಕ ಮೊಣಕಾಲೂರಿ ಕೂತು, ಮರಳು ಸಮ ಮಾಡಿ, ಟಪಟಪ ಟಪಟಪ ನಾಲ್ಕು ಹೆಜ್ಜೆ ಒತ್ತಿಯೇಬಿಟ್ಟ. ಕೈ ಒಂದು ಕೂದಲಿನಷ್ಟೂ ನಡುಗಲಿಲ್ಲ. “ಇದು ಮೇಕೆಯಾ? ಹೇಳು! ಇದು ಮೇಕೆಯಾ?”

ಒಂಬತ್ತರ ಪಕ್ಕದಲ್ಲಿ ಇನ್ನೂ ನಾಲ್ಕು. ನಾಲ್ಕರಲ್ಲೂ ಒಂದು ಬೆರಳು ಗಿಡ್ಡ. ಮುದುಕ ಅದನ್ನು ನೋಡಿದ, ತಾನೇನು ಮಾಡಿದೆನೆಂದು ಹೊಳೆಯಿತು, ಕೈಯನ್ನು ಮೆಲ್ಲಗೆ ಬೆನ್ನ ಹಿಂದೆ ಇಟ್ಟುಕೊಂಡ.

ಮ್ಮಾ ಸೆಬೇಗೊ ನಗತೊಡಗಿದರು. ನಗುತ್ತ ನಗುತ್ತ ಗಡಿಕಲ್ಲನ್ನು ಹಿಡಿದುಕೊಂಡು ಬೋಟ್ಸ್ವಾನಾದಲ್ಲೇ ಕುಸಿದು ಕೂತರು. “ನಮ್ಮದು ಅಂತಿದ್ರಲ್ಲ ಸಾಹೇಬ್ರೇ, ತಗೊಳಿ, ನೀವೇ ಇಟ್ಕೊಳಿ ಈ ಚಿರತೇನ!”

ಫೆರ್ಮಾಕ್ ಸಾಹೇಬರು ನಗಲಿಲ್ಲ. ಹೊಸ ಹೆಜ್ಜೆಯೊಂದರ ಮುಂದೆ ಬಹಳ ಹೊತ್ತು ಮಂಡಿಯೂರಿ ಕೂತಿದ್ದರು. ಕೊನೆಗೆ ಅವರು, “ನಿಯಮದ ಪ್ರಕಾರ ಮನೆಯವರ ಸಹಾಯ...” ಎಂದು ಶುರುಮಾಡಿದರು.

“ಸಹಾಯವಾ?” ಮ್ಮಾ ಸೆಬೇಗೊ ಕಣ್ಣೊರೆಸಿಕೊಂಡು ಎದ್ದರು. “ಆ ಪುಣ್ಯಾತ್ಮ ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಇಟ್ಟಿದಾನೆ. ನೀವೂ ನಪಾಸು, ನಾನೂ ನಪಾಸು. ಪಾಸಾದೋಳು ಇವಳೊಬ್ಬಳೇ. ಯಾರಿದು ಅಂತ ಕೇಳಿದ್ರಿ, ಯಾರು ಅಂತ ಹೇಳಿದ್ಲು. ಬರೀರಿ ಹದಿನೆಂಟು.”

ಸಾಹೇಬರು ಎದ್ದು ಮಂಡಿಯ ಮರಳು ಕೊಡವಿಕೊಂಡರು. ಕಾಗದದ ಮೇಲೆ ಹದಿನೆಂಟು ಬರೆದರು. ಜೇಬಿನಿಂದ ಹಿತ್ತಾಳೆ ಬಿಲ್ಲೆ ತೆಗೆದು ಡ್ರೀಕಾಳ ಕೈಯಲ್ಲಿಟ್ಟು, ಯಾಪಿ ಮುದುಕನ ಕಡೆ ತಿರುಗಿ, “ಆ ಗದ್ದಿಗೆ ಒತ್ತೋದು ಹೇಗೆ, ಇನ್ನೊಂದ್ಸಲ ತೋರಿಸ್ತೀರಾ?” ಎಂದು ಮೆತ್ತಗೆ ಕೇಳಿದರು. ಆಮೇಲೆ ಇಬ್ಬರು ಪರೀಕ್ಷಕರೂ ಬೆನ್ನು ತಿರುಗಿಸಿ ನಿಂತು, ತಮ್ಮ ತಮ್ಮ ವೈರ್‌ಲೆಸ್ಸಿನಲ್ಲಿ ಚಿರತೆಯನ್ನು ವಾಪಸು ಪಡೆದರು. ಅದಕ್ಕೆ ಅರ್ಧ ಗಂಟೆ ಹಿಡಿಯಿತು. ಆ ಕಡೆಯವರು ನಂಬಲೊಲ್ಲರು.

ಮಧ್ಯಾಹ್ನದ ವ್ಯಾನಿನಲ್ಲಿ ಅಪ್ಪ ಮಗಳು ಹಿಂದಿನ ಸೀಟಿನಲ್ಲಿ ಕೂತು ಮನೆಗೆ ಹೊರಟರು. ಡ್ರೀಕಾ ಬಿಲ್ಲೆಯನ್ನು ತಲೆವಸ್ತ್ರದ ಅಂಚಿನಿಂದ ಒರೆಸುವುದು, ಎದೆಗೆ ಸಿಕ್ಕಿಸಿಕೊಳ್ಳುವುದು, ಮತ್ತೆ ತೆಗೆದು ಒರೆಸುವುದು. ಅವಳ ಖುಷಿಗೆ ಎಲ್ಲಿ ಕೂರಬೇಕೆಂದು ತಿಳಿಯುತ್ತಿರಲಿಲ್ಲ. ಮುದುಕ ಮಾತ್ರ ಕಿಟಕಿಯ ಆಚೆ ನೋಡುತ್ತ ಕೂತಿದ್ದ. ಗೇಟು ದಾಟಿತು, ಡಾಂಬರು ರಸ್ತೆ ಬಂತು. ಪೈಪು ತಣ್ಣಗಾಗಿ ಎಷ್ಟೋ ಹೊತ್ತಾಗಿತ್ತು.

“ಡ್ರೀಕಾ,” ಎಂದ ಕೊನೆಗೆ.

“ಏನಪ್ಪಾ?”

“ಆ ಎಡ ಹಿಂಗಾಲು... ನಿಜವಾಗ್ಲೂ ಕೆಟ್ಟದಾಗಿತ್ತಾ?”

ಅವಳು ಅಪ್ಪನ ಬಲಗೈಯನ್ನು ತೆಗೆದು ತನ್ನ ತೊಡೆಯ ಮೇಲಿಟ್ಟುಕೊಂಡಳು. “ಇಲ್ಲಪ್ಪಾ. ಅಷ್ಟು ಚೆನ್ನಾಗಿ ಚಿರತೆಗೂ ನಡೆಯೋಕೆ ಬರಲ್ಲ.”

ಮುದುಕ ಅವಳ ಮುಖವನ್ನು ಅನುಮಾನದಿಂದ ನೋಡಿದ. “ಖಾತ್ರೀನಾ?”

“ಖಾತ್ರಿ,” ಎಂದಳು ಡ್ರೀಕಾ.